ಕಣ್ಣಿಗೆ ಕಾಣದ ಸಂತೆ

ಮಕ್ಕಳೇ, ಬಣಕಲ್‌ನಲ್ಲಿ ಮಳೆ ಹಿಡಿಯಿತೆಂದರೆ ನನಗೆ ಉಲ್ಲನ್ ಟೊಪ್ಪಿ ಹೆಣೆಯುವ ಕೆಲಸ. ಮೊಮ್ಮಗಳು ಅವುಗಳ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುತ್ತಾಳೆ. ಮೊದಲ ಟೊಪ್ಪಿ 500 ರೂಪಾಯಿಗೆ ಹೋಯಿತು. ಕೈಗೆ ಬಂದದ್ದು ಕಡಿಮೆ.

"ಉಳಿದದ್ದೆಲ್ಲಿ?" ಎಂದೆ.

"ಸಂತೆಯಲ್ಲಿ ಸುಂಕ ಕೊಡಲ್ವಾ ಅಜ್ಜಿ? ಇದೂ ಹಾಗೇ" ಎಂದಳು.

ಅಮೆರಿಕದಲ್ಲಿ ಎಟ್ಸಿ ಎಂಬ ಇಂಥದೇ ಸಂತೆಯಿದೆ. ಕೈಕೆಲಸದವರಿಗೆಂದು 2005ರಲ್ಲಿ ಶುರುವಾದದ್ದು. 2022ರ ಏಪ್ರಿಲ್‌ನಲ್ಲಿ ಅದು ತನ್ನ ಪಾಲನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿತು. 500 ರೂಪಾಯಿಗೆ ಲೆಕ್ಕ ಹಾಕಿ: 25 ಇದ್ದದ್ದು 32 ರೂಪಾಯಿ 50 ಪೈಸೆ! ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿದರು. ಏರಿಸಿದ ಪಾಲು ಇಳಿಯಲಿಲ್ಲ. ಕಾರ್ಖಾನೆಯ ಮಾಲನ್ನು ಕೈಕೆಲಸವೆಂದು ಮಾರುವವರನ್ನು ತಡೆಯಿರಿ ಎಂದೂ ಅವರು ಕೇಳಿದ್ದರು.

ನನ್ನ ಸಂಕಟವೂ ಅದೇ. ನನ್ನ ಟೊಪ್ಪಿಗೆ ಎರಡು ದಿನ ಬೇಕು. ಅದರ ಪಕ್ಕದಲ್ಲೇ ಯಂತ್ರದ ಟೊಪ್ಪಿ, 150 ರೂಪಾಯಿ. ಅದರ ಮೇಲೂ 'ಕೈಯಲ್ಲಿ ಹೆಣೆದದ್ದು' ಎಂದು ಬರೆದಿದೆ! ಸಂತೆಯಲ್ಲಾದರೆ ಮುಟ್ಟಿ ನೋಡಬಹುದು, ಫೋಟೊ ಮುಟ್ಟಿದರೆ ಏನು ತಿಳಿದೀತು?

ಈಗ ಮೊಮ್ಮಗಳು ಹೆಣೆಯುತ್ತಿರುವ ನನ್ನ ಕೈಗಳ ಫೋಟೊವನ್ನೂ ಹಾಕುತ್ತಾಳೆ. ಸುಂಕ ನಾನು ಕೊಡುತ್ತೇನೆ. ಸುಳ್ಳು ಹೆಸರಿನ ಮಾಲನ್ನು ತೆಗೆಸುವುದು ಸಂತೆ ನಡೆಸುವವರ ಕೆಲಸ, ಅಲ್ಲವೇ?