ಪೀಪಾಯಿ ಯಾರದೆಂದು ಕೇಳಿ ಗ್ಲಾಸು ಹಿಡಿಯಿರಿ

ಬಿಯರ್ ಜಾತ್ರೆಗೆ ಹೊರಟವರಿಗೆ ಬುದ್ಧಿ ಹೇಳುವವರಿಗೆ ಈಗ ಬರಗಾಲವಿಲ್ಲ. ಹೊಟ್ಟೆಗೆ ಹಾಕಿಕೊಂಡು ಹೋಗಿ, ನಡುನಡುವೆ ನೀರು ಕುಡಿಯಿರಿ, ಕಾಲಿಗೆ ಹಿತವಾದ ಜೋಡು ಮೆಟ್ಟಿ, ನೂಕುನುಗ್ಗಲಾಗುವ ಮೊದಲೇ ಒಳಹೊಗಿ ಎಂದು ಪಟ್ಟಿಯ ಮೇಲೆ ಪಟ್ಟಿ ಕೊಡುತ್ತಾರೆ. ಒಳ್ಳೆಯ ಮಾತೇ, ಮುಂದೆ ನಾನೂ ಅದನ್ನೇ ಹೇಳುವವನಿದ್ದೇನೆ. ಆದರೆ ಗ್ಲಾಸು ಚಾಚುವ ಮೊದಲು "ಈ ಪೀಪಾಯಿ ಯಾರದು?" ಎಂದು ಕೇಳಿ ಎಂಬ ಮಾತೊಂದನ್ನು ಮಾತ್ರ ಈ ಉಪದೇಶಕರು ನುಂಗಿಕೊಂಡುಬಿಡುತ್ತಾರೆ. ಜಾತ್ರೆಗೆ ಬರುವವನಿಗೆ ಹೊಟ್ಟೆಯೊಂದೇ ಇದೆ, ತಲೆಯಿಲ್ಲ ಎಂದು ಬಗೆದವರ ಬುದ್ಧಿವಾದವಿದು.

ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಓದುವ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬು ಗಂಟಿಕ್ಕಬಹುದು. ಕುಡಿತ ಎಷ್ಟು ಮನೆ ಮುರಿದಿದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಷ್ಟರಾಗಿದ್ದಾಗ, ಅಪ್ಪನ ಸಂಬಳವಾದ ಮರುದಿನವೂ ಫೀಜು ತರಲಾರದೆ ತಲೆ ತಗ್ಗಿಸಿ ನಿಂತ ಹುಡುಗರನ್ನು ಕಂಡಿದ್ದೇನೆ. ಕುಡಿಯದವನು ಕುಡಿಯದೆಯೇ ಇರಲಿ. ಆದರೆ ಇಂಗ್ಲೆಂಡಿಗೆ ಕೆಲಸಕ್ಕೂ ಓದಿಗೂ ಹೋದ ಕನ್ನಡದ ಮಕ್ಕಳು ಅಲ್ಲಿನ ಬಿಯರ್ ಜಾತ್ರೆಗಳಿಗೂ ಹೋಗುತ್ತಾರೆ. ಅದಲ್ಲದೆ ಆ ಜಾತ್ರೆಯ ಕಥೆಯಲ್ಲಿ ಅಳತೆಯಿದೆ, ತಕ್ಕಡಿಯಿದೆ, ಮಳಿಗೆಯ ಬಾಡಿಗೆಯಿದೆ, ದೊಡ್ಡ ಧಣಿ ಸಣ್ಣವನ ವೇಷ ತೊಟ್ಟು ಬರುವ ಹುನ್ನಾರವಿದೆ. ಅಂಗಡಿ ಇಟ್ಟವರಿಗೆ ಇದು ದೂರದ ಮಾತೇ?

ನಾನು ಹೇಳುತ್ತಿರುವುದು ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್ ಎಂಬ ಜಾತ್ರೆಯ ವಿಷಯ. ಇದನ್ನು ಯಾವ ಕಂಪೆನಿಯೂ ಹುಟ್ಟಿಸಲಿಲ್ಲ, ಕುಡಿಯುವವರೇ ಕಟ್ಟಿದರು. ಆಗ ಬ್ರಿಟನ್ನಿನ ಬಿಯರ್ ವ್ಯಾಪಾರ ಆರು ಮಹಾಕಂಪೆನಿಗಳ ಮುಷ್ಟಿಗೆ ಸಿಕ್ಕಿತ್ತು. ಊರೂರ ಹಳೆಯ ಬಿಯರ್ ಕಾರ್ಖಾನೆಗಳನ್ನು ಕೊಂಡು ಮುಚ್ಚುವುದು, ಪೀಪಾಯಿಯೊಳಗೇ ಹುಳಿತು ಹದವಾಗುವ ಜೀವಂತ ಬಿಯರನ್ನು ಬಿಟ್ಟು, ಸೋಸಿ, ಕಾಯಿಸಿ, ಗ್ಯಾಸು ತುಂಬಿದ ಒಂದೇ ರುಚಿಯ ನೀರನ್ನು ದೇಶಕ್ಕೆಲ್ಲ ಕುಡಿಸುವುದು ಅವರ ದಂಧೆಯಾಗಿತ್ತು. ಇದಕ್ಕೆ ರೋಸಿಹೋದ ನಾಲ್ವರು ಗೆಳೆಯರು ೧೯೭೧ರಲ್ಲಿ ಕ್ಯಾಮ್ರಾ ಎಂಬ ಸಂಘ ಹೂಡಿದರು. ಅದಕ್ಕೆ ಇಂದು ಲಕ್ಷಕ್ಕೆ ಮೀರಿ ಸದಸ್ಯರಿದ್ದಾರೆ. ೧೯೭೫ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಮೊದಲ ದೊಡ್ಡ ಪ್ರದರ್ಶನ ಮಾಡಿದರು. ೧೯೭೭ರಲ್ಲಿ ಅಲೆಕ್ಸಾಂಡ್ರಾ ಪ್ಯಾಲೆಸ್ ಭವನದಲ್ಲಿ ಈ ಹೆಸರಿನ ಜಾತ್ರೆ ಶುರುವಾಯಿತು. ೧೯೮೦ರಲ್ಲಿ ಆ ಭವನಕ್ಕೆ ಬೆಂಕಿ ಬಿದ್ದಾಗ ಪಕ್ಕದಲ್ಲೇ ಡೇರೆ ಹೊಡೆದು ನಡೆಸಿದರು. ಪೀಪಾಯಿ ಇಳಿಸುವವರು, ಗ್ಲಾಸು ತುಂಬುವವರು, ಬಾಗಿಲು ಕಾಯುವವರು ಎಲ್ಲರೂ ಸಂಬಳವಿಲ್ಲದ ಸದಸ್ಯರು. ರಜೆ ಹಾಕಿ ಬಂದು ದುಡಿಯುತ್ತಾರೆ. ಆದ್ದರಿಂದ ಹೋಗುವವರಿಗೆ ಮೊದಲ ಸೂಚನೆ ಇದು: ನಿಮಗೆ ಬಿಯರು ಹಾಕಿಕೊಡುವವನು ನಿಮ್ಮ ಆಳಲ್ಲ. ಬಿಡುವಾಗಿದ್ದರೆ ಅವನನ್ನು ಮಾತಿಗೆಳೆಯಿರಿ. ಯಾವ ಊರಿನದು, ಎಷ್ಟು ಜನ ಸೇರಿ ಮಾಡುತ್ತಾರೆ, ಕಾರ್ಖಾನೆ ಯಾರ ಕೈಯಲ್ಲಿದೆ ಎಂದು ಕೇಳಿ. ಅಚ್ಚಿನ ಪಟ್ಟಿಯಲ್ಲಿ ಸಿಗದ ಎಷ್ಟೋ ಸಂಗತಿ ಅವನ ಬಾಯಲ್ಲಿ ಸಿಗುತ್ತವೆ.

ಇನ್ನು ಅಳತೆ. ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸುವ ವಿದ್ಯೆ ನಮ್ಮ ಸಂತೆಯಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಇಂಗ್ಲೆಂಡಿನ ಪಬ್ಬಿನಲ್ಲಿ ಒಂದು ಪೈಂಟ್ ಎಂದರೆ ೫೬೮ ಮಿಲಿಲೀಟರು. ಆದರೆ ನೊರೆಯೂ ಪೈಂಟಿನ ಭಾಗವೇ ಎಂದು ಅಲ್ಲಿ ನಡೆದುಬಂದಿದೆ. ನೂರಕ್ಕೆ ೯೫ ಪಾಲು ಬಿಯರಿದ್ದರೆ ಸಾಕು ಎಂದು ತಯಾರಕರ ಸಂಘವೇ ತನಗೆ ತಾನು ಸೂತ್ರ ಹಾಕಿಕೊಂಡಿದೆ. ಮೂರನೆಯ ಇಯತ್ತೆಯ ಹುಡುಗನೂ ಲೆಕ್ಕ ಮಾಡಿಯಾನು: ೨೦ ಪೈಂಟಿಗೆ ದುಡ್ಡು ಕೊಟ್ಟವನಿಗೆ ಸಿಕ್ಕಿದ್ದು ೧೯, ಮಿಕ್ಕಿದ್ದು ಗಾಳಿ. ಗಾಳಿಗೂ ಬೆಲೆ ಕಟ್ಟಿ ಮಾರುವ ಈ ಚಮತ್ಕಾರವನ್ನು ಕ್ಯಾಮ್ರಾ ವರ್ಷಾನುಗಟ್ಟಲೆ ಖಂಡಿಸುತ್ತ ಬಂದಿದೆ. ಅದರ ಜಾತ್ರೆಯ ಗ್ಲಾಸು ಅಳತೆಗಿಂತ ದೊಡ್ಡದು. ಮೇಲೆ ಗೆರೆ ಎಳೆದಿರುತ್ತದೆ. ಬಿಯರು ಗೆರೆ ಮುಟ್ಟಬೇಕು, ನೊರೆ ಬೇಕಾದರೆ ಗೆರೆಯ ಮೇಲೆ ನಿಲ್ಲಲಿ. ಗೆರೆ ಮುಟ್ಟದಿದ್ದರೆ "ಇನ್ನಷ್ಟು ಹಾಕಿ" ಎನ್ನಲು ನಾಚಬೇಡಿ. ಆ ಗೆರೆಗಾಗಿಯೇ ಜನ ಹೊಡೆದಾಡಿದ್ದಾರೆ.

ಅದೇ ಗ್ಲಾಸಿನಲ್ಲಿ ಪೈಂಟಿಗೂ ಅರ್ಧಕ್ಕೂ ಮೂರನೇ ಒಂದು ಪಾಲಿಗೂ ಬೇರೆಬೇರೆ ಗೆರೆಗಳಿರುತ್ತವೆ. ಮೂರನೇ ಒಂದನ್ನೇ ಕೇಳಿ. ನೂರಾರು ಬಗೆ ಇಟ್ಟಿರುವ ಕಡೆ ಪೈಂಟುಗಟ್ಟಲೆ ಕುಡಿದು ಮೂರನೆಯದಕ್ಕೇ ನಾಲಿಗೆ ಮಂಕಾಗಿಸಿಕೊಳ್ಳುವವನು ಜಾತ್ರೆಗೆ ಹೋಗಿ ತೇರು ನೋಡದೆ ಮಲಗಿದವನಂತೆ. ಇಲ್ಲಿಯೂ ಒಂದು ಲೆಕ್ಕವಿದೆ. ನೂರಕ್ಕೆ ೪ರ ಮದ್ಯಾಂಶವಿರುವ ಬಿಯರಿನ ಮೂರನೇ ಒಂದು ಪೈಂಟಿನಲ್ಲಿ ಶುದ್ಧ ಮದ್ಯ ಸುಮಾರು ೭.೫ ಮಿಲಿಲೀಟರು; ನೂರಕ್ಕೆ ೧೦ರ ಬಾರ್ಲಿ ವೈನ್ ಎಂಬ ಗಡುಸು ಬಿಯರಿನಲ್ಲಿ ಅದೇ ಅಳತೆಗೆ ಸುಮಾರು ೧೯. ಗ್ಲಾಸು ಒಂದೇ, ಏಟು ಎರಡೂವರೆ ಪಟ್ಟು. ವಾರಕ್ಕೆ ೧೪೦ ಮಿಲಿಲೀಟರು ಶುದ್ಧ ಮದ್ಯದ ಮಿತಿ ಮೀರಬೇಡಿರೆಂದು ಬ್ರಿಟನ್ನಿನ ವೈದ್ಯಾಧಿಕಾರಿಗಳು ೨೦೧೬ರಲ್ಲಿ ಹೇಳಿದ್ದಾರೆ. ಹಗುರವಾದವನ್ನೇ ಹತ್ತು ಸಲ ಹಾಕಿಸಿಕೊಂಡರೂ ಅದರ ಅರ್ಧ ಮುಗಿದುಹೋಗುತ್ತದೆ. ಆದುದರಿಂದ ಮೊದಲು ತಿಳಿಯಾದ ಹಗುರ ಬಗೆ, ಕೊನೆಗೆ ಕಪ್ಪನೆಯ ಗಡುಸು ಬಗೆ. ನಾಲ್ಕೈದಕ್ಕೊಮ್ಮೆ ಊಟ, ಪ್ರತಿಯೊಂದಕ್ಕೂ ನೀರು. ಕುಡಿಯುವ ನೀರನ್ನು ಪರವಾನಗಿ ಪಡೆದ ಜಾಗದಲ್ಲಿ ಪುಕ್ಕಟೆ ಕೊಡಬೇಕೆಂದು ಅಲ್ಲಿ ನಿಯಮವೇ ಇದೆ. ಕಾರು ಮನೆಯಲ್ಲಿರಲಿ, ರೈಲು ಹಿಡಿಯಿರಿ. ವಾರದ ನಡುವಿನ ಮಧ್ಯಾಹ್ನ ಹೋಗಿ. ಕೊನೆಯ ದಿನ ಹೋದರೆ ಒಳ್ಳೊಳ್ಳೆಯ ಪೀಪಾಯಿಗಳು ಬರಿದಾಗಿರುತ್ತವೆ.

ಮೊದಲ ದಿನ ದೇಶದ ಶ್ರೇಷ್ಠ ಬಿಯರಿನ ಪ್ರಶಸ್ತಿ ಸಾರುವ ರೂಢಿ. ಸಾರಿದ ಕೂಡಲೇ ಆ ಪೀಪಾಯಿಯತ್ತ ಜನ ನುಗ್ಗುತ್ತಾರೆ. ೨೦೨೫ರಲ್ಲಿ ಗೆದ್ದದ್ದು ಕಾರ್ನ್‌ವಾಲಿನ ಪೆನ್‌ಜಾನ್ಸ್ ಎಂಬ ಪುಟ್ಟ ಕಾರ್ಖಾನೆಯ ಮೈಲ್ಡ್. ಒಂದು ಪಬ್ಬಿನ ಹಿತ್ತಿಲಲ್ಲಿ ಮಾಡುವ ಬಿಯರದು. ಮೈಲ್ಡ್ ಎಂದರೆ ಒಂದು ಕಾಲದಲ್ಲಿ ಗಣಿಯ, ಕಾರ್ಖಾನೆಯ ಕೆಲಸಗಾರರು ಬೆವರು ಸುರಿಸಿ ಬಂದು ಕುಡಿಯುತ್ತಿದ್ದ ಅಗ್ಗದ, ಹಗುರ, ಕಪ್ಪು ಬಿಯರು. ಫ್ಯಾಷನ್ ಅಲ್ಲವೆಂದು ದೊಡ್ಡವರು ಕೈಬಿಟ್ಟ ಸರಕು ಹಿತ್ತಿಲ ಕಾರ್ಖಾನೆಯಿಂದ ಬಂದು ದೇಶದ ಕಿರೀಟ ತೊಟ್ಟಿತು. ಇಂಥದ್ದನ್ನು ಹುಡುಕಿ ಕುಡಿಯುವುದಕ್ಕೇ ಅಲ್ಲವೇ ಜಾತ್ರೆ?

ಆದರೆ ಹುಡುಕುವುದು ಸುಲಭವಲ್ಲ. 'ಕ್ರಾಫ್ಟ್' ಎಂಬ ಪದಕ್ಕೆ ಬ್ರಿಟನ್ನಿನ ಕಾನೂನಿನಲ್ಲಿ ಅರ್ಥವೇ ಇಲ್ಲ. ಕೈಕಸುಬಿನ ಸಣ್ಣ ತಯಾರಿಕೆ ಎಂದು ನಾವು ನೀವು ತಿಳಿಯುತ್ತೇವೆ. ಅದೇ ನಂಬಿಕೆಯನ್ನು ಮಹಾಕಂಪೆನಿ ನಗದು ಮಾಡಿಕೊಳ್ಳುತ್ತದೆ. ಲಂಡನ್ನಿನ ಕ್ಯಾಮ್‌ಡೆನ್ ಟೌನ್ ಕಾರ್ಖಾನೆಯನ್ನು ೨೦೧೫ರಲ್ಲಿ ಪ್ರಪಂಚದ ಅತಿ ದೊಡ್ಡ ಬಿಯರ್ ಕಂಪೆನಿ ಎಬಿ ಇನ್‌ಬೆವ್ ಕೊಂಡಿತು. ಬೀವರ್‌ಟೌನಿಗೆ ೨೦೧೮ರಲ್ಲಿ ಹೈನೆಕೆನ್ ಕಂಪೆನಿ ಪಾಲುಗಾರನಾಗಿ ಬಂತು, ೨೦೨೨ರಲ್ಲಿ ಪೂರ್ತಿ ನುಂಗಿತು. ಡಾರ್ಕ್ ಸ್ಟಾರ್‌ನ ಗತಿ ಕೇಳಿ: ಬ್ರೈಟನ್ನಿನ ಒಂದು ಪಬ್ಬಿನ ನೆಲಮಾಳಿಗೆಯಲ್ಲಿ ೧೯೯೪ರಲ್ಲಿ ಹುಟ್ಟಿ ಸಸೆಕ್ಸ್‌ನಲ್ಲಿ ಬೆಳೆಯಿತು, ೨೦೧೮ರಲ್ಲಿ ಫುಲ್ಲರ್ಸ್ ಅದನ್ನು ಕೊಂಡಿತು, ಮರುವರ್ಷ ಜಪಾನಿನ ಅಸಾಹಿ ಫುಲ್ಲರ್ಸ್‌ನ ಬಿಯರ್ ವ್ಯವಹಾರವನ್ನೇ ೨೫ ಕೋಟಿ ಪೌಂಡಿಗೆ ಕೊಂಡಿತು, ೨೦೨೨ ಮುಗಿಯುವಷ್ಟರಲ್ಲಿ ಸಸೆಕ್ಸ್‌ನ ಕಾರ್ಖಾನೆಗೆ ಬೀಗ. ತಯಾರಿಕೆಯನ್ನು ಗ್ರೀನಿಚ್ಚಿನ ಮೀನ್‌ಟೈಮ್ ಕಾರ್ಖಾನೆಗೆ ಒಯ್ದರು. ಗ್ರೀನಿಚ್ಚಿನ ಕಾಲಮಾನವನ್ನೇ ಹೆಸರಾಗಿಸಿಕೊಂಡ ಆ ಕಾರ್ಖಾನೆಯನ್ನೂ ೨೦೨೪ರಲ್ಲಿ ಮುಚ್ಚಿದರು. ಹೆಸರು ಉಳಿಯಿತು, ಚೀಟಿ ಉಳಿಯಿತು. ಊರೂ ಕೆಲಸಗಾರನೂ ಹೋದರು. ಮೀನು ಸಣ್ಣದೇ, ಹೊಟ್ಟೆ ಮಾತ್ರ ತಿಮಿಂಗಿಲದ್ದು!

ಸಣ್ಣ ತಯಾರಕರ ಸಂಘವಾದ ಸೀಬಾ ೨೦೨೪ರಲ್ಲಿ 'ಇಂಡೀ ಬಿಯರ್' ಎಂಬ ಗುರುತನ್ನು ಹೊರತಂದಿದೆ. ಸ್ವತಂತ್ರ ಕಾರ್ಖಾನೆಗಳಿಗೆ ಮಾತ್ರ ಅದನ್ನು ಹಚ್ಚಿಕೊಳ್ಳುವ ಹಕ್ಕು. ಜಾತ್ರೆಗೆ ಹೋಗುವ ಹಿಂದಿನ ರಾತ್ರಿ ಬಿಯರಿನ ಪಟ್ಟಿ ಹಿಡಿದು ಕುಳಿತು, ಯಾವುದು ಯಾರದೆಂದು ಗುರುತು ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ.

ಇಲ್ಲಿ ಕ್ಯಾಮ್ರಾದ ಗೆಳೆಯರಿಗೂ ಎರಡು ಮಾತು ಖಾರವಾಗಿಯೇ ಹೇಳಬೇಕು. ಅವರು ಬಿಯರಿನ ಕುಲವನ್ನು ಗ್ಯಾಸಿನಿಂದ ಅಳೆಯುತ್ತ ಕುಳಿತರು. ಹೊರಗಿನ ಗ್ಯಾಸು ಸೇರದೆ ಪೀಪಾಯಿಯಲ್ಲಿ ಹದವಾದದ್ದು 'ನಿಜವಾದ' ಬಿಯರು, ಮಿಕ್ಕದ್ದೆಲ್ಲ ಮೈಲಿಗೆ. ಈ ಮಡಿಯ ಪ್ರಕಾರ ಅಸಾಹಿಯ ಧಣಿಗಳು ಪೀಪಾಯಿಗೆ ತುಂಬಿಸಿದ್ದು ಶುದ್ಧ. ಐದು ಜನ ಸೇರಿ ಸಾಲ ಮಾಡಿ ನಡೆಸುವ ಕಾರ್ಖಾನೆ ಗ್ಯಾಸು ಸೇರಿಸಿದ್ದು ಅಶುದ್ಧ. ಗ್ಯಾಸಿನ ವಾದ ೧೯೭೧ರಲ್ಲಿ ಸರಿಯಾದ ಆಯುಧವಾಗಿತ್ತು, ಏಕೆಂದರೆ ಅಂದು ಗ್ಯಾಸಿನ ಹಿಂದೆ ಏಕಸ್ವಾಮ್ಯ ನಿಂತಿತ್ತು. ಏಕಸ್ವಾಮ್ಯ ಪೀಪಾಯಿಯೊಳಗೇ ಹೊಕ್ಕು ಕುಳಿತ ಮೇಲೂ ಗ್ಯಾಸನ್ನೇ ಮೂಸುತ್ತಿದ್ದರೆ ಹೇಗೆ? ಕೇಳಬೇಕಾದದ್ದು ಒಡೆತನ.

ಒಡೆತನದ ಪ್ರಶ್ನೆಯನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಲ್ಲಿನ ಪಬ್ಬುಗಳೇ ಸಾಕ್ಷಿ. ನಮ್ಮ ವರ್ತಕ ಬಂಧುಗಳು ಹೀಗೆ ಯೋಚಿಸಲಿ: ಸಾಹುಕಾರನ ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದೀರಿ, ಅಕ್ಕಿ ಬೇಳೆಯನ್ನೂ ಅದೇ ಸಾಹುಕಾರನ ಮಂಡಿಯಿಂದ, ಅವನು ಹೇಳಿದ ಬೆಲೆಗೇ ತರಬೇಕು ಎಂಬ ಕರಾರು. ಪಕ್ಕದ ಮಂಡಿಯಲ್ಲಿ ಎಷ್ಟೇ ಅಗ್ಗವಿರಲಿ, ಮುಟ್ಟುವಂತಿಲ್ಲ. ಬ್ರಿಟನ್ನಿನ ಸಾವಿರಾರು ಪಬ್ಬು ನಡೆಸುವವರ ಬದುಕು ಇದೇ. ಆರು ಕಂಪೆನಿಗಳೇ ದೇಶದ ಮುಕ್ಕಾಲು ಪಾಲು ಬಿಯರು ತಯಾರಿಸುತ್ತವೆಂದು ೧೯೮೯ರಲ್ಲಿ ಸರ್ಕಾರದ ಏಕಸ್ವಾಮ್ಯ ವಿಚಾರಣಾ ಆಯೋಗವೇ ಹೇಳಿತು. ೨,೦೦೦ ಪಬ್ಬಿಗಿಂತ ಹೆಚ್ಚು ಯಾವ ತಯಾರಕನಿಗೂ ಇರಕೂಡದೆಂದು ಆಯೋಗ ಹೇಳಿದರೆ, ಧಣಿಗಳ ಗದ್ದಲಕ್ಕೆ ಹೆದರಿದ ಸರ್ಕಾರ, ಹೆಚ್ಚಿದ್ದವುಗಳಲ್ಲಿ ಅರ್ಧವನ್ನು ಬಂಧನದಿಂದ ಬಿಟ್ಟರೆ ಸಾಕು ಎಂದಿತು. ಕಾನೂನು ಬಿಯರು ತಯಾರಿಸುವವರಿಗೆ ತಾನೇ? ಬಿಯರನ್ನೇ ತಯಾರಿಸದ, ಪಬ್ಬುಗಳನ್ನಷ್ಟೇ ಕೊಂಡುಹಾಕುವ ಹೊಸ ಕಂಪೆನಿಗಳು ಎದ್ದವು. ಧಣಿ ಬದಲಾದ, ಕರಾರು ಬದಲಾಗಲಿಲ್ಲ. ೨೦೦೩ರ ಹೊತ್ತಿಗೆ ಆ ಕಾನೂನನ್ನೂ ತೆಗೆದುಹಾಕಿದರು. ಮತ್ತೆ ಕೂಗೆದ್ದು, ೨೦೧೬ರಲ್ಲಿ ಪಬ್ಬು ಸಂಹಿತೆ ಬಂತು. ಆ ಸಂಹಿತೆಯ ಅಧಿಕಾರಿ ೨೦೨೦ರಲ್ಲಿ ಹೈನೆಕೆನ್ ಕಂಪೆನಿಯ ಪಬ್ಬು ವಿಭಾಗಕ್ಕೆ ೨೦ ಲಕ್ಷ ಪೌಂಡು ದಂಡ ಹಾಕಿದರು. ಬಾಡಿಗೆದಾರರು ಬಂಧನ ಕಳಚಿಕೊಳ್ಳಲು ಹೊರಟರೆ, ತನ್ನದೇ ಬಿಯರನ್ನು ಮಿತಿಮೀರಿ ಮಾರಬೇಕೆಂದು ಕಂಪೆನಿ ಷರತ್ತು ಒಡ್ಡಿತ್ತು, ಅದೇ ಅಪರಾಧ.

ಈ ಹೈನೆಕೆನ್ ನಮಗೆ ಹೊರಗಿನವನೆಂದು ತಿಳಿಯಬೇಡಿ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್, ಅಂದರೆ ಕಿಂಗ್‌ಫಿಷರ್ ಬಿಯರಿನ ಕಂಪೆನಿ, ೨೦೨೧ರಲ್ಲಿ ಅದೇ ಹೈನೆಕೆನ್ ಹಿಡಿತಕ್ಕೆ ಬಂದಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಬೀವರ್‌ಟೌನ್ ಕುಡಿಯುವ ನಮ್ಮ ಹುಡುಗನೂ ಬೆಂಗಳೂರಿನಲ್ಲಿ ಕಿಂಗ್‌ಫಿಷರ್ ಕುಡಿಯುವ ಅವನ ತಮ್ಮನೂ ಒಂದೇ ಗಲ್ಲಾಪೆಟ್ಟಿಗೆಗೆ ದುಡ್ಡು ಹಾಕುತ್ತಿದ್ದಾರೆ.

ಮಹಾಜಾತ್ರೆಯ ಈಚಿನ ಸುದ್ದಿ ಸಂತೋಷದ್ದಲ್ಲ. ಲಂಡನ್ನಿನ ಒಲಿಂಪಿಯಾ ಭವನ ತಪ್ಪಿ ೨೦೨೪ರಲ್ಲಿ ಜಾತ್ರೆ ನಿಂತಿತು. ೨೦೨೫ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಭವನದಲ್ಲಿ ನಡೆಯಿತು. ಬಂದ ಜನ ಸಾಲದೆ ಖರ್ಚು ಹುಟ್ಟಲಿಲ್ಲ. ೨೦೨೬ಕ್ಕೆ ಜಾತ್ರೆಯಿಲ್ಲವೆಂದು ಸಂಘ ಸಾರಿಬಿಟ್ಟಿತು. "ನೋಡಿದಿರಾ, ಮಾರುಕಟ್ಟೆ ತೀರ್ಪು ಕೊಟ್ಟಿತು" ಎಂದು ನಗುವವರಿದ್ದಾರೆ. ಮಾರುಕಟ್ಟೆಯ ತೀರ್ಪಂತೆ! ಭವನದ ಬಾಡಿಗೆಯನ್ನು ಜಾಹಿರಾತಿನ ಖರ್ಚಿನಲ್ಲಿ ಬರೆದು ಮರೆಯಬಲ್ಲ ಕಂಪೆನಿಯೂ, ಪ್ರವೇಶದ ದುಡ್ಡನ್ನೇ ನಂಬಿ ಬಾಡಿಗೆ ಕಟ್ಟಬೇಕಾದ ಕುಡಿಯುವವರ ಸಂಘವೂ ಒಂದೇ ತಕ್ಕಡಿಯಲ್ಲಿ ತೂಗುವ ಸರಕುಗಳೇ?

ಅಲ್ಲಿರುವ ನಮ್ಮವರು ಇದರಿಂದ ಕೈಕಟ್ಟಿ ಕೂರಬೇಕಾಗಿಲ್ಲ. ಕ್ಯಾಮ್ರಾದ ಶಾಖೆಗಳು ಊರೂರಲ್ಲಿ ಸಭಾಭವನ, ಡೇರೆಗಳಲ್ಲಿ ಸಣ್ಣ ಜಾತ್ರೆಗಳನ್ನು ನಡೆಸುತ್ತವೆ. ಅಲ್ಲಿಯೂ ಗೆರೆ ಎಳೆದ ಗ್ಲಾಸು ಕೇಳಿ, ಮೂರನೇ ಒಂದು ಪಾಲು ಹಾಕಿಸಿಕೊಳ್ಳಿ. ಸಂಬಳವಿಲ್ಲದೆ ಒಂದು ದಿನ ಪೀಪಾಯಿ ಹೊರಲು ಕೈ ಕೊಡುವುದಾದರೆ ಮೊದಲೇ ಹೆಸರು ಬರೆಸಿ. ಆಮೇಲೆ ಮನೆಯ ಹತ್ತಿರದ ಪಬ್ಬಿಗೆ ಹೋಗಿ, ಅದನ್ನು ನಡೆಸುವವನಿಗೆ ಪುರುಸೊತ್ತಿರುವ ಹೊತ್ತು ನೋಡಿ, ಈ ಮನೆ ಯಾರದು, ನಿಮಗೆ ಬೇಕಾದವರಿಂದ ಬಿಯರು ತರಿಸಲು ಬಿಡುತ್ತಾರೆಯೇ ಎಂದು ಕೇಳಿ. ಆತ ಸುತ್ತ ನೋಡಿ, ದನಿ ತಗ್ಗಿಸಿ ಉತ್ತರ ಹೇಳಿದರೆ, ಆ ಮನೆಯ ಕರಾರು ಎಂಥದೆಂದು ಅಲ್ಲಿಗೇ ಗೊತ್ತಾಗುತ್ತದೆ.