ಆತ್ಮವಿಶ್ವಾಸಕ್ಕೊಂದು ಅಳತೆಗೋಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಸವೇಶ್ವರನಗರದ ಯಾವುದೇ ಪದವಿಪೂರ್ವ ಕಾಲೇಜಿನ ಸರದಿಯಲ್ಲಿ ನಿಂತ ವಿದ್ಯಾರ್ಥಿಯನ್ನು ‘ಯಾವ ವಿಭಾಗ?’ ಎಂದು ಕೇಳಿದರೆ, ಬಹುಮಟ್ಟಿಗೆ ಉತ್ತರ ಬರುವುದು ಪಕ್ಕದಲ್ಲಿರುವ ತಂದೆಯಿಂದಲೋ ತಾಯಿಯಿಂದಲೋ. ಆ ಮೌನವನ್ನು ಆತ್ಮವಿಶ್ವಾಸದ ಕೊರತೆ ಎನ್ನಬಹುದೆ?

ಇದನ್ನು ಅಳೆಯುವ ಸಾಧನವೊಂದಿದೆ. ಅಮೆರಿಕದ ಟೇಲರ್ ಮತ್ತು ಬೆಟ್ಜ್ 1983ರಲ್ಲಿ 50 ಪ್ರಶ್ನೆಗಳ ಮಾಪನವನ್ನು ರೂಪಿಸಿದರು. 1996ರಲ್ಲಿ ಅದರ 25 ಪ್ರಶ್ನೆಗಳ ಸಂಕ್ಷಿಪ್ತ ರೂಪ ಬಂತು. ವೃತ್ತಿಯ ಬಗ್ಗೆ ಮಾಹಿತಿ ಸಂಗ್ರಹಿಸಬಲ್ಲೆ, ಗುರಿ ಆರಿಸಿಕೊಳ್ಳಬಲ್ಲೆ, ತೊಡಕು ಬಂದರೆ ದಾರಿ ಬದಲಿಸಬಲ್ಲೆ ಎಂಬ ನಂಬಿಕೆ ಎಷ್ಟಿದೆ ಎಂಬುದನ್ನು ಅದು ಕೇಳುತ್ತದೆ. ಆದರೆ ಅದು ಮೂಲತಃ ಕಾಲೇಜು ವಿದ್ಯಾರ್ಥಿಗಳಿಗಾಗಿ ರೂಪುಗೊಂಡದ್ದು. ನಮ್ಮಲ್ಲಿ ನಿರ್ಧಾರ ಹದಿನೈದು-ಹದಿನಾರರಲ್ಲೇ ಆಗಬೇಕು.

ಪಿಯುಸಿಯಲ್ಲಿ ವಿಜ್ಞಾನ ಓದಿದವರು ಮುಂದೆ ಬಿ.ಕಾಂ.ಗೂ ಬಿ.ಎ.ಗೂ ಹೋಗಬಹುದು, ಕಲಾ ವಿಭಾಗ ಹಿಡಿದವರಿಗೆ ಎಂಜಿನಿಯರಿಂಗ್, ವೈದ್ಯಕೀಯದ ಬಾಗಿಲು ಮುಚ್ಚುತ್ತದೆ. ಹೀಗಾಗಿ ದಾರಿ ಕಾಣದ ಕುಟುಂಬ ವಿಜ್ಞಾನವನ್ನು ವಿಮೆಯಂತೆ ಕೊಳ್ಳುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ವಿವೇಕದ ನಡೆಯೇ. ಎರಡು ವರ್ಷ ಕಂತು ಕಟ್ಟುವುದು ಮಾತ್ರ ಮಗು. ವಿಜಯನಗರದ ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಕೇಂದ್ರಗಳಲ್ಲಿ ಎಂಜಿನಿಯರಿಂಗ್ ಪದವೀಧರರನ್ನು ಕಂಡಾಗ, ಅಂದು ಮುಂದೂಡಿದ ಆಯ್ಕೆಯೇ ಈಗ ನಡೆಯುತ್ತಿದೆಯೇನೋ ಎನಿಸುತ್ತದೆ. (ಸರ್ಕಾರಿ ನೌಕರಿಯ ಆಸೆಯನ್ನು ಹಳಿಯುವ ಅಧಿಕಾರ ನನಗಂತೂ ಇಲ್ಲ.)

ಕೊರತೆ ಇರುವುದು ಮಾಹಿತಿಯಲ್ಲಿ. ಕಾಮಾಕ್ಷಿಪಾಳ್ಯದ ಮಕ್ಕಳು ಲೇತ್ ಯಂತ್ರಗಳ ಸದ್ದಿನಲ್ಲೇ ಬೆಳೆಯುತ್ತಾರೆ. ಸಮೀಪದ ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಉಂಟು. ಆ ಕೆಲಸದವರ ಸಂಬಳವೆಷ್ಟು, ದಿನಚರಿ ಎಂಥದು ಎಂದು ವಿಚಾರಿಸಿ ತಿಳಿಯಬಲ್ಲೆಯಾ ಎಂಬ ಪ್ರಶ್ನೆಗೆ ಮಗು ‘ಇಲ್ಲ’ ಎಂದರೆ, ಕಡಿಮೆ ಅಂಕ ಸಲ್ಲಬೇಕಾದದ್ದು ಅದನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯದ ಶಾಲೆಗೆ. ಹೆಚ್ಚು ಅಂಕವೂ ಮೋಸ ಮಾಡೀತು. ಒಬ್ಬ ಎಂಜಿನಿಯರನ್ನೂ ಮಾತನಾಡಿಸದೆ ‘ಸಾಫ್ಟ್‌ವೇರ್’ ಎನ್ನುವವನ ದೃಢತೆ ಮನೆಯವರಿಂದ ಪಡೆದ ಕಡವಾಗಿರಬಹುದು.

ಮಾಪನ ಬರಲಿ, ಕನ್ನಡದಲ್ಲಿ, ನಮ್ಮ ಉದಾಹರಣೆಗಳೊಂದಿಗೆ. ಒಂಬತ್ತನೆಯ ತರಗತಿಯ ಆರಂಭದಲ್ಲೊಮ್ಮೆ, ಹತ್ತನೆಯ ತರಗತಿಯ ದಸರಾ ರಜೆಯ ನಂತರ ಮತ್ತೊಮ್ಮೆ ನಡೆಯಲಿ. ನಡುವೆ ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯಗಳ ಭೇಟಿಯಿರಲಿ. ಅಂಕವನ್ನು ಮಗುವಿನ ಪ್ರಗತಿಪತ್ರದಲ್ಲಿ ಬರೆಯಕೂಡದು. ಬರೆದರೆ ಮರುವರ್ಷವೇ ಆತ್ಮವಿಶ್ವಾಸಕ್ಕೂ ಟ್ಯೂಷನ್ ಶುರುವಾದೀತು. ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ಶಾಲಾವಾರು ಲೆಕ್ಕ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಜಿಗೆ ಕಳಿಸಲಿ.