ಕರಿಯನ ಮೂಗು, ಎಲ್ಲರ ಬಸ್ ಸ್ಟ್ಯಾಂಡು

1/6
ಮೊದಲ ಫೋಟೊ ನೋಡಿ ನಗಬೇಡ್ರಿ. ಕಲ್ಲಿನ ಸಂದ್ಯಾಗ ಮೂಗು ತುರುಕಿರೋನು ನಮ್ಮ ಕರಿಯ. ಹುಡುಕ್ತಿರೋದು ಇಲಿನೂ ಅಲ್ಲ, ಎಲುಬೂ ಅಲ್ಲ. ಲವಂಗ. ಹೌದ್ರಿ, ಪಲಾವಿಗೆ ಹಾಕ್ತೀವಲ್ಲ, ಅದೇ. ಸಣ್ಣ ತಗಡಿನ ಡಬ್ಬಿ, ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ನಾಕು ತೂತು, ಒಳಗ ನಾಕು ಲವಂಗ. ಎಲ್ಲಿ ಬಚ್ಚಿಟ್ಟರೂ ಹುಡುಕಿ ಅದರ ಮುಂದ ಸುಮ್ಮನೆ ಕುಂಡ್ರತಾನ.

ಹೋದ ವಾರ ಸ್ಟೋರಿಗೆ ಭಾಳ ಮಂದಿ ಒಂದೇ ಪ್ರಶ್ನೆ ಕೇಳಿದ್ರಿ: "ಇದನ್ನ ಬಸ್ ಸ್ಟ್ಯಾಂಡು, ಸಂತಿ, ಗುಡಿ ಮುಂದ ಮಾಡಬಹುದಾ?" ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಮನೆಯಿಂದ ಹೊರಗ ಮಾಡಲೇಬೇಕು. ಆದ್ರ ಅಲ್ಲಿದ್ದವರನ್ನ ಕೇಳಿ ಮಾಡಬೇಕು. ಮತ್ತ ಮನುಷ್ಯರನ್ನ ಮೂಸಿಸೋ ಆಟ ಮಾತ್ರ ಯಾವತ್ತೂ ಆಡಬಾರದು. ಯಾಕಂತ ಕೆಳಗ ಓದ್ರಿ. ಇದರಾಗ ನನ್ನ ತಪ್ಪೂ ಅದಾವ.

2/6
"ಇದಕ್ಕ ಮುಧೋಳ ನಾಯಿನೇ ಬೇಕೇನ್ರಿ?" ಅಂತ ಕೇಳೋರಿಗೆ: ಬ್ಯಾಡ್ರಿ. ಮುಧೋಳ ನಮ್ಮ ಹೆಮ್ಮೆ ಖರೆ. 2005ರಾಗ ಅಂಚೆ ಚೀಟಿ ಮ್ಯಾಲ ಬಂತು, 2016ರಾಗ ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ರು. ಆದ್ರ ಅದು ಮೂಲತಃ ಕಣ್ಣಿನಿಂದ ಬೇಟೆ ಕಂಡು ಓಡೋ ತಳಿ. ನಮ್ಮ ಕರಿಯ ಯಾವ ತಳಿನೂ ಅಲ್ಲ, ಕಾಲುವೆ ದಂಡಿಗೆ ಸಿಕ್ಕ ಮರಿ. ಹಂಗಂತ ಮೂಗಿಗೇನೂ ಕಮ್ಮಿ ಇಲ್ಲ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯೋ ಕೋಶಗಳು ಸುಮಾರು 50–60 ಲಕ್ಷ. ನಾಯಿಗೆ 20 ಕೋಟಿಗೂ ಹೆಚ್ಚು. ಅದು ಉಸಿರು ಬಿಡೋದು ಮೂಗಿನ ಪಕ್ಕದ ಸೀಳಿನಿಂದ. ಹಂಗಾಗಿ ಹೊರಗ ಹೋಗೋ ಗಾಳಿ ಮುಂದಿರೋ ವಾಸನೆಯನ್ನ ಕೆಡಿಸಲ್ಲ.

ಶುರು ಮಾಡಿದ್ದು ಮನ್ಯಾಗ. ಮೂರು ರಟ್ಟಿನ ಡಬ್ಬ, ಒಂದರಲ್ಲಿ ಮಾತ್ರ ಲವಂಗದ ಡಬ್ಬಿ. ಸರಿಯಾದ ಡಬ್ಬಕ್ಕೆ ಮೂಗು ಇಟ್ಟ ಕೂಡಲೇ ಒಂದು ಚೂರು ಕುದಿಸಿದ ತತ್ತಿ. ಬ್ಯಾರೆ ಡಬ್ಬ ಮೂಸಿದ್ರ ಬೈಗುಳನೂ ಇಲ್ಲ, ತತ್ತಿನೂ ಇಲ್ಲ. ಎರಡು ವಾರಕ್ಕ ಆಟ ತಿಳಿತು. ಒಂದು ಎಚ್ಚರಿಕೆ: ಲವಂಗ ನಾಯಿ ಹೊಟ್ಟಿಗೆ ಹೋಗಬಾರದು. ಡಬ್ಬಿ ಬಿಗಿಯಾಗಿರಲಿ. ಲವಂಗದ ಎಣ್ಣೆಯಂತೂ ಮೈಗೂ ಬಾಯಿಗೂ ತಾಗಬಾರದು.

3/6
ಹಂಗಾದ್ರ ಹೊರಗ ಯಾಕ? ಯಾಕಂದ್ರ ಮನ್ಯಾಗ ಕಲಿತ ನಾಯಿಗೆ ಮನಿ ಮಾತ್ರ ಗೊತ್ತು. ಅಂಗಳದಾಗ ನೂರಕ್ಕ ನೂರು ತಗೊಂಡ ಕರಿಯ ಮೊದಲ ಸಲ ದೇವಾಪುರ ಕ್ರಾಸಿಗೆ ಬಂದಾಗ ಸೊನ್ನೆ ತಗೊಂಡ. ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಗೆ ಮನಗೂಳಿ ರಸ್ತೆ ಬಂದು ಕೂಡೋ ಜಾಗ ಅದು. ಲಾರಿ ಹಾರ್ನು, ಡೀಸೆಲ್ಲು, ಮಿರ್ಚಿ ಕರಿಯೋ ಎಣ್ಣಿ, ಮೆಣಸಿನಕಾಯಿ ಚೀಲ, ಬ್ಯಾರೆ ನಾಯಿಗಳ ಗುರುತು. ಇಷ್ಟರ ನಡುವೆ ನಾಕು ಲವಂಗ. ಮೊದಲನೇ ದಿನ ಬಾಲ ಕಾಲೊಳಗ ಇಟ್ಕೊಂಡು ನನ್ನ ಮಾರಿ ನೋಡಿದ.

ದಿನಾ ಹತ್ತೇ ನಿಮಿಷ, ಖಾಲಿ ಜಾಗದಿಂದ ಶುರು ಮಾಡಿ ನಿಧಾನಕ್ಕ ಗದ್ದಲದ ಹತ್ತಿರ ಹೋದ್ವಿ. ಈಗ ಲಾರಿ ಬಂದ್ರೂ ಕಿವಿ ಮಾತ್ರ ತಿರುಗ್ತಾವ, ಮೂಗು ಕೆಲಸ ಬಿಡಲ್ಲ. ಮೊದಲು ಬೈಕ್ ಕಂಡ್ರ ಅಟ್ಟಿಸಿಕೊಂಡು ಹೋಗ್ತಿದ್ದ ನಾಯಿ ಇದು. ಮೂಗಿಗೆ ಕೆಲಸ ಸಿಕ್ಕ ಮ್ಯಾಲ ತಣ್ಣಗಾದ. ಊರಿಗೂ ಇದರಿಂದ ಲಾಭನೇ ಅಲ್ಲೇನ್ರಿ?

"ನಾಯಿನ ಮನ್ಯಾಗ ಇಟ್ಕೊ" ಅನ್ನೋರ ಮಾತೂ ನಾನು ಹಗುರ ಮಾಡಲ್ಲ. 2025ರ ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿ ನಾಯಿಗಳನ್ನ ತೆಗೀಬೇಕು ಅಂತ ಆದೇಶ ಕೊಟ್ಟ ಮ್ಯಾಲ ನಾಯಿ ಅಂದ್ರ ಊರು ಎರಡು ಪಾರ್ಟಿ ಆಗ್ಯದ. ಕರಿಯ ಸಾಕಿದ ನಾಯಿ, ಕೊರಳಪಟ್ಟಿ ಅದ, ರೇಬೀಸ್ ಲಸಿಕೆ ಕಾರ್ಡ್ ಅದ. ಆದ್ರ ಎದುರಿಗಿದ್ದವರಿಗೆ ಕಾಣೋದು ಕಾರ್ಡ್ ಅಲ್ಲ, ಹಲ್ಲು.

4/6
ಈ ಫೋಟೊದಾಗ ಖಾಲಿ ಕಟ್ಟೆ ಮಾತ್ರ ಅದ. ಬೇಕಂತನೇ ಹಾಕೀನಿ.

ಚಳಿಗಾಲದ ಒಂದು ಬೆಳಿಗ್ಗೆ, ಏಳು ಗಂಟೆ. ಬಸ್ಸಿಗೆ ಕಾಯೋ ಜಾಗದ ಕಟ್ಟೆ ಕೆಳಗ ಡಬ್ಬಿ ಇಟ್ಟೆ. ಯಾರನ್ನೂ ಕೇಳಲಿಲ್ಲ. ಹಗ್ಗ ಉದ್ದ ಬಿಟ್ಟಿದ್ದೆ. ಇನ್ನೊಂದು ಕೈಯಾಗ ಮೊಬೈಲು, ರೀಲ್ ಮಾಡಾಕತ್ತಿದ್ದೆ. ಕಟ್ಟೆ ತುದಿಗೆ ಒಬ್ಬ ಅಜ್ಜಿ ರೊಟ್ಟಿ ಗಂಟು ಮಗ್ಗುಲಿಗೆ ಇಟ್ಕೊಂಡು ಕುಂತಿದ್ದಳು. ಕರಿಯ ಗಂಟಿನ ಹತ್ತಿರ ಎರಡು ಸಲ ಮೂಸಿ ಮುಂದ ಹೋದ. ಬೊಗಳಲಿಲ್ಲ, ಮುಟ್ಟಲಿಲ್ಲ. ಅಷ್ಟಕ್ಕೇ ಅಜ್ಜಿ ಗಂಟು ಎದಿಗೆ ಅವಚಿಕೊಂಡು ರಸ್ತೆ ದಾಟಿ ಆ ಕಡೆ ನಿಂತಳು.

ಹುಣಸಗಿ ಬಸ್ ಬಂತು. ಬಸ್ಸಿಗೂ ಅಜ್ಜಿಗೂ ನಡುವೆ ಕರಿಯ. ಡಬ್ಬಿ ಸಿಕ್ಕ ಖುಷಿಗೆ ಅವ ಕುಂತಿದ್ದ, ನಾನು ಅವನ ಮಾರಿ ಝೂಮ್ ಮಾಡ್ತಿದ್ದೆ. ಬಸ್ ಹೋತು. ಅಜ್ಜಿ ಅಲ್ಲೇ ನಿಂತಿದ್ದಳು.

ಓಡಿ ಹೋಗಿ, "ಯವ್ವಾ, ಅದು ಏನೂ ಮಾಡಂಗಿಲ್ಲ" ಅಂದೆ.

"ನಿನಗ ಏನೂ ಮಾಡಂಗಿಲ್ಲ ತಮ್ಮಾ. ನನಗ ಹೆಂಗ ಗೊತ್ತಾಗಬೇಕು?" ಅಂದಳು.

ಹೋದ ವರ್ಷ ಹೊಲದ ದಾರ್ಯಾಗ ನಾಯಿ ಕಚ್ಚಿ, ಇಂಜೆಕ್ಷನ್ನಿಗಂತ ಮತ್ತ ಮತ್ತ ಕೂಲಿ ಬಿಟ್ಟು ಅಡ್ಡಾಡಿದ್ದಳಂತ. ಮುಂದಿನ ಬಸ್ ಬರೋ ತನಕ ನಾನು ಕರಿಯನ್ನ ದೂರ ಕಟ್ಟಿ ಅಲ್ಲೇ ನಿಂತೆ. ಅಜ್ಜಿ ಮಾತಾಡಲಿಲ್ಲ.

ಬಿಕಾಂ ಓದೋನಿಗೆ ಈ ಲೆಕ್ಕ ಮೊದಲೇ ತಿಳೀಬೇಕಿತ್ತು. ರೀಲು ನನಗ ಜಮಾ, ಖರ್ಚು ಅಜ್ಜಿ ಹೆಸರಿಗೆ. ನನ್ನ ಪುಸ್ತಕದಾಗ ಆ ಖರ್ಚು ಕಾಣೋದೇ ಇಲ್ಲ, ಅದಕ್ಕ ಎಲ್ಲಾ ಲಾಭದಂಗ ಅನ್ನಿಸ್ತದ. ಆ ರೀಲು ಡಿಲೀಟ್ ಮಾಡಿದೆ. "ನಮ್ಮ ನಾಯಿ ಏನೂ ಮಾಡಲ್ಲ" ಅನ್ನೋದನ್ನೂ ಬಿಟ್ಟೆ. ಅದು ಮಾಲೀಕನ ಸಮಾಧಾನಕ್ಕ ಇರೋ ಮಾತು, ಎದುರಿನವರಿಗಲ್ಲ.

5/6
ಎರಡನೇ ಸಂಗತಿ ಇದಕ್ಕಿಂತ ದೊಡ್ಡದು.

ಒಂದು ಸಂಜಿ ಕ್ರಿಕೆಟ್ ಆಡೋ ಮುಂದ ಗೆಳೆಯನ ಮೊಬೈಲ್ ಕಾಣೆಯಾತು. "ಕರಿಯನ್ನ ಬಿಡಲೇ, ಕಳ್ಳ ಯಾರಂತ ಗೊತ್ತಾಗ್ತದ" ಅಂದ್ರು. ನಾನು ಹ್ಞೂಂ ಅನ್ನೋದ್ರೊಳಗ ಹುಡುಗರು ಸಾಲಾಗಿ ನಿಂತೇಬಿಟ್ಟಿದ್ರು. ಆ ಸಾಲಿನಾಗ ಬ್ಯಾರೆ ಊರಿಂದ ಕೆಲಸಕ್ಕ ಬಂದ ಮನೆಯ ಹುಡುಗ ಒಬ್ಬ ಇದ್ದ. ಕರಿಯ ಇನ್ನೂ ಹೆಜ್ಜೆ ಇಟ್ಟಿಲ್ಲ, ಎಲ್ಲರ ಕಣ್ಣು ಆಗಲೇ ಅವನ ಮ್ಯಾಲ.

ಕರಿಯನಿಗೆ ಗೊತ್ತಿರೋದು ಲವಂಗ ಒಂದೇ. ಬಿಟ್ಟಿದ್ರ ಯಾರ ಕಿಸೆಯಾಗ ಚೂಡಾ ಇತ್ತೋ ಅವರ ಮುಂದ ಕುಂಡ್ರತಿದ್ದ. ಆಮ್ಯಾಲ ಆ ಹುಡುಗ ಜನ್ಮ ಪೂರ್ತಿ ಕಳ್ಳ.

ದಾವಣಗೆರೆ ಪೊಲೀಸರ ತುಂಗಾ ನಿಮಗ ನೆನಪಿರಬೇಕು. 2020ರ ಜುಲೈನಾಗ ಸುಮಾರು 12 ಕಿ.ಮೀ. ಓಡಿ ಕೊಲೆ ಕೇಸಿಗೆ ದಾರಿ ತೋರಿಸಿದ ಡಾಬರ್‌ಮನ್. ಆದ್ರ ಅದರ ಹಿಂದ ವರ್ಷಗಟ್ಟಲೆ ತರಬೇತಿ ಇತ್ತು, ಮುಂದ ಪೊಲೀಸರ ತನಿಖೆ ಇತ್ತು. ಅಂಥಾ ನಾಯಿಗಳ ವಿಷಯದಾಗೂ ಸುಪ್ರೀಂ ಕೋರ್ಟ್ 1969ರಷ್ಟು ಹಿಂದೆನೇ, ಮಹಾರಾಷ್ಟ್ರದ ಒಂದು ಕೇಸಿನಾಗ, ಜಾಡು ಹಿಡಿಯೋ ನಾಯಿಯ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಕೊಡಲಾಗದು ಅಂದದ. ನಾಯಿನ ಕಟಕಟೆಗೆ ಹತ್ತಿಸಿ ಪಾಟಿ ಸವಾಲು ಮಾಡಾಕ ಆಗ್ತದೇನ್ರಿ? ಕೋರ್ಟೇ ಇಷ್ಟು ಹಿಂದು ಮುಂದು ನೋಡೋ ಕಡೆ, ಲವಂಗ ಹುಡುಕೋ ಕರಿಯನ್ನ ನಾನು ಜಡ್ಜ್ ಮಾಡಲಾ?

"ಆಗಲ್ಲ" ಅಂದೆ. "ಹೆದರ್ಕೊಂಡಿ" ಅಂತ ನಕ್ರು. ಮೊಬೈಲ್ ಸಿಗಲಿಲ್ಲ. ಆದ್ರ ಆ ಹುಡುಗ ಮರುದಿನನೂ ಆಡಾಕ ಬಂದ.

6/6
ಈಗ ನಾನು ಪಾಲಿಸೋದು ಇಷ್ಟು. ಸೇವ್ ಮಾಡ್ಕೊಳ್ರಿ.

▪ ಜಾಗ ಯಾರದು, ಅವರನ್ನ ಕೇಳು. ಅಂಗಡಿ ಮುಂದ ಆದ್ರ ಅಂಗಡಿ ಕಾಕಾನ್ನ, ಶಾಲೆ ಬಯಲಾದ್ರ ಸರ್‌ನ. ಬ್ಯಾಡ ಅಂದ್ರ ಬ್ಯಾಡ.
▪ ಮಂದಿ ಇರದ ಹೊತ್ತು ಹುಡುಕು. ಸಂತಿ ಬಯಲು ಸಂತಿ ಇಲ್ಲದ ದಿನ ಖಾಲಿ ಇರ್ತದ. ಹಳೇ ವಾಸನೆ ಮಾತ್ರ ಬೇಕಾದಷ್ಟು, ನಾಯಿಗೆ ಅದೇ ಒಳ್ಳೆ ಪರೀಕ್ಷೆ.
▪ ಬಸ್ಸಿಗೆ ಕಾಯೋರು ಇದ್ದಲ್ಲಿ ಡಬ್ಬಿ ಬಚ್ಚಿಡಬೇಡ. ವಾರಸುದಾರರಿಲ್ಲದ ಡಬ್ಬಿ ಕಂಡ್ರ ಮಂದಿ ಗಾಬರಿ ಆಗೋದು ಸಹಜ. ಡಬ್ಬಿ ಮ್ಯಾಲ ಹೆಸರು ಬರಿ, ಎಷ್ಟು ಇಟ್ಟಿ ಅಷ್ಟೂ ವಾಪಸ್ ತಗೊಂಡು ಹೋಗು.
▪ ಹಗ್ಗ ಬಿಡಬೇಡ. ಯಾರಾದ್ರೂ ಬಂದ್ರ ಆಟ ನಿಲ್ಲಿಸು, ದಾರಿ ಬಿಡು.
▪ ವಿಡಿಯೊ ಇನ್ನೊಬ್ಬರು ಮಾಡಲಿ. ನಿನ್ನ ಕಣ್ಣು ನಾಯಿ ಮ್ಯಾಲ, ಸುತ್ತಲಿನ ಮಂದಿ ಮ್ಯಾಲ.
▪ ಮನುಷ್ಯರು, ಅವರ ಚೀಲ, ಅವರ ಬುತ್ತಿ: ಮೂಸಿಸಬೇಡ.
▪ ನಮ್ಮ ಕಡೆ ಬ್ಯಾಸಿಗ್ಯಾಗ ಎಂಟು ಗಂಟೆ ಮ್ಯಾಲ ಬ್ಯಾಡ. ಡಾಂಬರು ಪಾದ ಸುಡ್ತದ. ಬಾಯಿ ತೆಗೆದು ತೇಕೋ ನಾಯಿಗೆ ಮೂಸೋದೂ ಸರಿಯಾಗಿ ಆಗಲ್ಲ.
▪ ಲಸಿಕೆ ವರ್ಷಾ ವರ್ಷಾ ಹಾಕಿಸು. ರೇಬೀಸ್ ಲಕ್ಷಣ ಕಂಡ ಮ್ಯಾಲ ಉಳಿಯೋರು ಇಲ್ಲ ಅಂದ್ರೂ ನಡೀತದ.

"ಇಷ್ಟೆಲ್ಲಾ ಕೇಳ್ಕೊಂತ ಕುಂತ್ರ ಯಾವಾಗ ಕಲಿಸೋದು?" ಅಂತ ನೀವು ಕೇಳಬಹುದು. ನನಗ ಕೇಳಿದ್ದರಿಂದನೇ ಜಾಗ ಜಾಸ್ತಿ ಸಿಕ್ಕಾವ. ಮಿರ್ಚಿ ಅಂಗಡಿ ಕಾಕಾ ಈಗ ತಾವೇ ಡಬ್ಬಿ ಬಚ್ಚಿಡ್ತಾರ, ನನಗೂ ಹೇಳಲ್ಲ. ಕರಿಯ ಹುಡುಕಿದ್ರ ನನಗಿಂತ ಜೋರಾಗಿ ಚಪ್ಪಾಳಿ ಅವರದ್ದೇ. ಕೊನೇ ಫೋಟೊದಾಗ ಕಾಣ್ತಿರೋ ಕೈ ಅವರದ್ದು, ಅವರನ್ನ ಕೇಳೇ ಹಾಕೀನಿ.

ನಿಮ್ಮ ಊರಾಗ ನಾಯಿಗೆ ಹೆದರೋರು ಯಾರಾದ್ರೂ ಇದ್ರ, ನಾಯಿ ಸಾಕಿದವರು ಏನು ಮಾಡಿದ್ರ ಅವರಿಗೆ ಹಗುರಾಗ್ತದ ಅಂತ ಕೇಳಿ ಕಮೆಂಟ್ ಹಾಕ್ರಿ. ನಾಯಿ ಪ್ರೀತಿ ಮಾಡೋರ ಕಮೆಂಟು ಹೆಂಗೂ ಬರ್ತಾವ, ಈ ಸಲ ಅವರ ಮಾತು ಬೇಕು.

#ಕರಿಯನಮೂಗು #ದೇವಾಪುರ #ಸುರಪುರ #ಯಾದಗಿರಿ #ಊರನಾಯಿ #ಕೇಳಿಮಾಡು